ಎಸ್‌ಎಸ್‌ಡಿ ಹಾಕಿದ ಮೇಲೂ ನಿಧಾನವೇ? 2012ರ 13 ಇಂಚಿನ ಮ್ಯಾಕ್‌ಬುಕ್ ಪ್ರೊ, ದೀರ್ಘ ಬಳಕೆಯ ವಿಮರ್ಶೆ

ಈ ಲ್ಯಾಪ್‌ಟಾಪ್ ಬಗ್ಗೆ ಕೇಳಿಬರುವ ದೂರು ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ: ಎಸ್‌ಎಸ್‌ಡಿ (ತಿರುಗುವ ತಟ್ಟೆಯಿಲ್ಲದ ವೇಗದ ಡಿಸ್ಕ್) ಹಾಕಿಸಿದ್ದಾಯಿತು, ರ‍್ಯಾಮ್ 16 ಜಿಬಿ ಮಾಡಿಸಿದ್ದಾಯಿತು, ಆಪಲ್‌ನ ಕ್ಯಾಟಲಿನಾ ಆಪರೇಟಿಂಗ್ ಸಿಸ್ಟಮ್ ಕೂಡ ಕೂತಿತು, ಆದರೂ ಬಣ್ಣದ ಚಕ್ರ ಗಿರಗಿರ ತಿರುಗುತ್ತಲೇ ಇರುತ್ತದೆ. ಬೇಸತ್ತು ಗುಜರಿ ಬೆಲೆಗೆ ಕೊಟ್ಟುಬಿಡುವವರೂ ಇದ್ದಾರೆ. ದಯವಿಟ್ಟು ಕೊಡಬೇಡಿ. ಈ ಮಾಡೆಲ್‌ನಲ್ಲಿ ಹೊಸದಾಗಿ ಹಾಕಿದ ಭಾಗ ಕೆಟ್ಟಿರುವುದು ಅಪರೂಪ. ಕೆಟ್ಟಿರುವುದು ಸಾಮಾನ್ಯವಾಗಿ ಯಾರೂ ಮುಟ್ಟದೆ ಬಿಟ್ಟ ಹಳೆಯ ಭಾಗ, ಅದರಲ್ಲೂ ಡಿಸ್ಕಿಗೂ ಮದರ್‌ಬೋರ್ಡಿಗೂ ನಡುವೆ ಇರುವ ಒಂದು ತೆಳುವಾದ ಪಟ್ಟಿ ಕೇಬಲ್.

ಮೊದಲು ಯಂತ್ರ ಯಾವುದೆಂದು ಖಚಿತಪಡಿಸಿಕೊಳ್ಳಿ. ತಳದಲ್ಲಿ ಅಚ್ಚಾಗಿರುವ ಎ1278 ಎಂಬ ನಂಬರನ್ನು ನೆಚ್ಚಿಕೊಳ್ಳುವ ಹಾಗಿಲ್ಲ, 2008ರಿಂದ 2012ರವರೆಗಿನ ಮಾಡೆಲ್‌ಗಳಿಗೆಲ್ಲ ಅದೇ ನಂಬರ್ ಇದೆ. ಸಿಸ್ಟಮ್ ಇನ್ಫರ್ಮೇಶನ್ ತೆರೆದು ಮಾಡೆಲ್ ಐಡೆಂಟಿಫೈಯರ್ ನೋಡಿ. ಮ್ಯಾಕ್‌ಬುಕ್‌ಪ್ರೊ 9,2 ಎಂದಿದ್ದರೆ ಈ ವಿಮರ್ಶೆ ನಿಮ್ಮ ಯಂತ್ರದ್ದೇ. 2012ರ ಜೂನ್‌ನಲ್ಲಿ ಬಂದು 2016ರ ಅಕ್ಟೋಬರ್‌ವರೆಗೆ ಮಾರಾಟದಲ್ಲಿತ್ತು. ಮೂಲ ಆವೃತ್ತಿಯಲ್ಲಿ 2.5 ಗಿಗಾಹರ್ಟ್ಸ್‌ನ ಎರಡು ಕೋರ್ ಐ5, 4 ಜಿಬಿ ರ‍್ಯಾಮ್, 500 ಜಿಬಿಯ 5400 ಆರ್‌ಪಿಎಂ ಡಿಸ್ಕ್. ಮನೆಯಲ್ಲೇ ಸ್ಕ್ರೂ ಬಿಚ್ಚಿ ರ‍್ಯಾಮ್ ಬದಲಿಸಬಹುದಾದ ಕೊನೆಯ ಮ್ಯಾಕ್‌ಬುಕ್ ಪ್ರೊ ಇದು. ಇಷ್ಟು ವರ್ಷ ಇದನ್ನು ಇಟ್ಟುಕೊಂಡವರು ಇಟ್ಟುಕೊಂಡದ್ದು ಅದೇ ಕಾರಣಕ್ಕೆ.

ಕೇಬಲ್ ವಿಷಯ ಸ್ವಲ್ಪ ವಿವರವಾಗಿ ನೋಡಬೇಕು. ಹಾರ್ಡ್‌ಡಿಸ್ಕ್ ಕೂರುವ ಗುಂಡಿಯ ಅಂಚಿನಲ್ಲಿ, ಅಲ್ಯೂಮಿನಿಯಂ ಬಾಡಿಗೆ ಅಂಟಿಕೊಂಡು, ಎರಡು ಕಡೆ ಲಂಬಕೋನದಲ್ಲಿ ಮಡಚಿ ಈ ಪಟ್ಟಿ ಹೋಗುತ್ತದೆ. ಕೆಳಗೆ ಗಟ್ಟಿ ಲೋಹ, ಮೇಲೆ ತಳದ ಮುಚ್ಚಳ. ಲ್ಯಾಪ್‌ಟಾಪನ್ನು ಒಂದು ಮೂಲೆಯಲ್ಲಿ ಹಿಡಿದು ಎತ್ತಿದಾಗಲೆಲ್ಲ ಮುಚ್ಚಳ ಕೊಂಚ ಬಾಗಿ ಪಟ್ಟಿಯನ್ನು ಒತ್ತುತ್ತದೆ. ವರ್ಷಗಟ್ಟಲೆ ಹೀಗೇ ಉಜ್ಜಿ ಉಜ್ಜಿ ಮಡಿಕೆಯ ಜಾಗದಲ್ಲಿ ಕಪ್ಪು ಹೊದಿಕೆ ನುಣುಪಾಗಿ ಹೊಳೆಯತೊಡಗುತ್ತದೆ, ಒಳಗಿನ ತಾಮ್ರದ ಗೆರೆಗಳಲ್ಲಿ ಕಣ್ಣಿಗೆ ಕಾಣದ ಬಿರುಕು ಬೀಳುತ್ತದೆ. ಹಳೆಯ ಡಿಸ್ಕ್ ಸೆಕೆಂಡಿಗೆ 100 ಎಂಬಿ ದಾಟುತ್ತಿರಲಿಲ್ಲ, ಲಿಂಕ್ ಕೂಡ ಬಹುತೇಕ 3 ಗಿಗಾಬಿಟ್‌ನದು. ಆಗ ಆ ಬಿರುಕು ಲೆಕ್ಕಕ್ಕೆ ಬರಲಿಲ್ಲ. ಎಸ್‌ಎಸ್‌ಡಿ 6 ಗಿಗಾಬಿಟ್‌ನಲ್ಲಿ ಮಾತಾಡಲು ಶುರುಮಾಡಿದ ಕೂಡಲೇ ಅರ್ಧಂಬರ್ಧ ಕೇಬಲ್ ಕೈಕೊಡುತ್ತದೆ. ಡೇಟಾ ಹಾಳಾಗಿ ಬರುತ್ತದೆ, ಯಂತ್ರ ಮತ್ತೆ ಕೇಳುತ್ತದೆ, ಮತ್ತೆ ಹಾಳಾಗುತ್ತದೆ. ಹಾಗೆ ಕೇಳಿ ಕೇಳಿ ಕಾಯುವ ಹೊತ್ತೇ ನೀವು ನೋಡುವ ಬಣ್ಣದ ಚಕ್ರ. ಎಸ್‌ಎಸ್‌ಡಿ ಹಾಕುವಾಗ ಕನೆಕ್ಟರ್ ಎಳೆದು ಚುಚ್ಚಿದ್ದರಿಂದಲೇ ಮೊದಲೇ ದುರ್ಬಲವಾಗಿದ್ದ ಪಟ್ಟಿ ಪೂರ್ತಿ ಹೋಗುವುದೂ ಉಂಟು. ಹಾಗಾಗಿ ಜನ ಹೊಸ ಎಸ್‌ಎಸ್‌ಡಿಯನ್ನೇ ದೂರುತ್ತಾರೆ.

ಪರೀಕ್ಷೆಗೆ ಮೂರು ದಾರಿಗಳಿವೆ. ಸಿಸ್ಟಮ್ ಇನ್ಫರ್ಮೇಶನ್‌ನಲ್ಲಿ ಸಾಟಾ (ಡಿಸ್ಕ್ ಸಂಪರ್ಕ) ವಿಭಾಗ ತೆರೆದರೆ ಲಿಂಕ್ ಸ್ಪೀಡ್, ನೆಗೋಶಿಯೇಟೆಡ್ ಲಿಂಕ್ ಸ್ಪೀಡ್ ಎಂಬ ಎರಡು ಸಾಲು ಒಂದರ ಕೆಳಗೊಂದು ಕಾಣುತ್ತವೆ. ಮೊದಲನೆಯದರಲ್ಲಿ 6 ಗಿಗಾಬಿಟ್ ಇದ್ದು ಎರಡನೆಯದರಲ್ಲಿ 3 ಅಥವಾ 1.5 ಇದ್ದರೆ ಕೇಬಲ್ ಮೇಲೆ ಅನುಮಾನಪಡಿ. ಎರಡೂ 6 ಇದ್ದ ಮಾತ್ರಕ್ಕೆ ಕೇಬಲ್ ಚೆನ್ನಾಗಿದೆ ಎಂದೇನೂ ಅಲ್ಲ. ಎರಡನೆಯ ದಾರಿ, ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಬರೆದಿಟ್ಟುಕೊಳ್ಳುವ ಸ್ಮಾರ್ಟ್ ಎಂಬ ದಾಖಲೆಯ 199ನೇ ಅಂಶ: ಸಿಆರ್‌ಸಿ ದೋಷಗಳ, ಅಂದರೆ ಸಾಗುವಾಗ ಹಾಳಾದ ಡೇಟಾದ, ಎಣಿಕೆ. ಒಮ್ಮೆ ಏರಿದ ಸಂಖ್ಯೆ ಇಳಿಯುವುದಿಲ್ಲ, ಆದ್ದರಿಂದ ಇವತ್ತಿನ ಸಂಖ್ಯೆ ಬರೆದಿಟ್ಟುಕೊಂಡು ಒಂದು ದೊಡ್ಡ ಫೋಲ್ಡರ್ ಕಾಪಿ ಮಾಡಿ ಮತ್ತೆ ನೋಡಿ. ಏರುತ್ತಿದ್ದರೆ ತಪ್ಪು ಕೇಬಲ್‌ನದು, ಡಿಸ್ಕಿನದಲ್ಲ. ಮೂರನೆಯದು ಎಲ್ಲಕ್ಕಿಂತ ನಂಬಿಕಸ್ಥ. ಅದೇ ಎಸ್‌ಎಸ್‌ಡಿಯನ್ನು ಬಿಚ್ಚಿ ಯುಎಸ್‌ಬಿ 3 ಕೇಸಿಗೆ ಹಾಕಿ ಹೊರಗಿನಿಂದ ಸಿಕ್ಕಿಸಿ, ಆಪ್ಶನ್ ಕೀ ಒತ್ತಿಹಿಡಿದು ಆನ್ ಮಾಡಿ, ಅದರಿಂದಲೇ ಬೂಟ್ ಮಾಡಿ. ಈ ಯಂತ್ರದ ಎರಡೂ ಯುಎಸ್‌ಬಿ ಪೋರ್ಟ್‌ಗಳು ಯುಎಸ್‌ಬಿ 3. ಹೊರಗಿಟ್ಟಾಗ ಸಲೀಸಾಗಿ ಓಡಿ ಒಳಗಿಟ್ಟಾಗ ತಡವರಿಸಿದರೆ ಬೇರೆ ಸಾಕ್ಷಿ ಬೇಡ.

ಹೊಸ ಕೇಬಲ್ ಕೊಳ್ಳುವಾಗ ಮೇಲೆ ಮುದ್ರಿತವಾದ ನಂಬರ್ ಓದಿ. 2012ರ ಮಾಡೆಲ್‌ಗೆ 821-1480-ಎ, ಅದರ ನಂತರದ್ದು 821-2049-ಎ. ಎರಡನೆಯದು ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. 2009, 2010ರ ಯಂತ್ರದಿಂದ ಬಿಚ್ಚಿದ ಕೇಬಲ್ ನೋಡಲು ಅವಳಿಜವಳಿ ಅನ್ನಿಸಿದರೂ ಈ ಮಾಡೆಲ್‌ನದಲ್ಲ, ಬೇಡ. ಬೆಂಗಳೂರಿನ ಎಸ್‌ಪಿ ರೋಡ್‌ನಂಥ ಕಡೆ ಕೊಳ್ಳುವುದಾದರೆ ಅಂಗಡಿಯವರ ಎದುರೇ ನಂಬರ್ ಓದಿ, ಮಡಿಕೆಯ ಜಾಗದಲ್ಲಿ ಹೊಳಪು ಇದೆಯೇ ನೋಡಿ. ಹೊಳಪಿದ್ದರೆ ಅದು ಯಾವುದೋ ಯಂತ್ರದಲ್ಲಿ ದುಡಿದು ಬಂದದ್ದು.

ಹಾಕುವ ಕ್ರಮ: ಪೂರ್ತಿ ಶಟ್‌ಡೌನ್ ಮಾಡಿ ಚಾರ್ಜರ್ ತೆಗೆಯಿರಿ. ತಳದಲ್ಲಿ 10 ಸ್ಕ್ರೂಗಳಿವೆ, ಫಿಲಿಪ್ಸ್ 00 ಬಿಟ್ ಬೇಕು. ಇವುಗಳಲ್ಲಿ 3 ಉದ್ದ, 7 ಗಿಡ್ಡ. ಬಿಚ್ಚಿದ ಹಾಗೇ ಒಂದು ಹಾಳೆಯ ಮೇಲೆ ಅದೇ ಜಾಗದ ಲೆಕ್ಕದಲ್ಲಿ ಜೋಡಿಸಿಡಿ. ಮುಚ್ಚಳ ತೆಗೆದ ಕೂಡಲೇ ಮಾಡಬೇಕಾದ ಮೊದಲ ಕೆಲಸ ಬ್ಯಾಟರಿ ಕನೆಕ್ಟರನ್ನು ಪ್ಲಾಸ್ಟಿಕ್ ತುಂಡಿನಿಂದ ನೇರ ಮೇಲಕ್ಕೆ ಎಬ್ಬಿಸುವುದು. ಇದನ್ನು ಬಿಟ್ಟು ಮುಂದಕ್ಕೆ ಹೋಗಬೇಡಿ. ಆಮೇಲೆ ಡಿಸ್ಕ್ ಹಿಡಿದಿರುವ ಪ್ಲಾಸ್ಟಿಕ್ ಪಟ್ಟಿಯ 2 ಸ್ಕ್ರೂ ಬಿಚ್ಚಿ, ಡಿಸ್ಕನ್ನು ಓರೆಯಾಗಿ ಎತ್ತಿ, ಕನೆಕ್ಟರ್ ಕಳಚಿ. ಡಿಸ್ಕಿನ ಎರಡು ಬದಿಯಲ್ಲಿ ಒಟ್ಟು 4 ಟಾರ್ಕ್ಸ್ ಟಿ6 ಸ್ಕ್ರೂಗಳಿರುತ್ತವೆ. ಡಿಸ್ಕನ್ನು ಜಾಗದಲ್ಲಿ ಹಿಡಿದಿಡುವುದು ಅವೇ. ಹಳೆಯ ಡಿಸ್ಕಿನಿಂದ ಎಸ್‌ಎಸ್‌ಡಿಗೆ ಅವನ್ನು ವರ್ಗಾಯಿಸದೆ ಬಿಟ್ಟರೆ ಡಿಸ್ಕ್ ಒಳಗೆ ಅಲುಗಾಡಿ ಹೊಸ ಕೇಬಲನ್ನೂ ತಿನ್ನುತ್ತದೆ. ಕೇಬಲ್‌ನ ಮುಂಭಾಗದ ಬ್ರ್ಯಾಕೆಟ್‌ನಲ್ಲಿ ಸ್ಲೀಪ್ ದೀಪ ಮತ್ತು ಇನ್ಫ್ರಾರೆಡ್ ಸೆನ್ಸರ್ ಸೇರಿಕೊಂಡಿವೆ. ಕೆಲವು ಕಡೆ ಬ್ರ್ಯಾಕೆಟ್ ಇಲ್ಲದೆ ಬರಿಯ ಪಟ್ಟಿ ಮಾರುತ್ತಾರೆ, ಆಗ ಹಳೆಯದನ್ನೇ ಜೋಪಾನವಾಗಿ ಬಿಡಿಸಿ ಬಳಸಬೇಕು.

ಹೊಸ ಪಟ್ಟಿ ಕೂರಿಸುವ ಮುನ್ನ ಅದು ಹಾದುಹೋಗುವ ಅಲ್ಯೂಮಿನಿಯಂ ಅಂಚಿನ ಮೇಲೆ ಎಲೆಕ್ಟ್ರಿಕಲ್ ಟೇಪ್ ಅಥವಾ ಬಿಸಿ ತಡೆಯುವ ಕ್ಯಾಪ್ಟಾನ್ (Kapton) ಟೇಪ್ ಒಂದು ಪದರ ಅಂಟಿಸಿ. ಎರಡು ನಿಮಿಷದ ಕೆಲಸ, ಇದನ್ನು ಮಾಡದೆ ಬಿಟ್ಟ ಯಂತ್ರಗಳೇ ಮತ್ತೆ ಅದೇ ದೂರಿನೊಂದಿಗೆ ರಿಪೇರಿಗೆ ಬರುವುದು. ಪಟ್ಟಿಯನ್ನು ಉಗುರಿನಿಂದ ಗೆರೆ ಎಳೆದಂತೆ ಮಡಚಬೇಡಿ, ಬಾಗುವ ಕಡೆ ಸ್ವಲ್ಪ ದುಂಡಗೆ ಬಿಡಿ.

ರ‍್ಯಾಮ್ ವಿಷಯದಲ್ಲಿ ಹೇಳುವುದು ಕಡಿಮೆ. ಕಂಪನಿ ಹೇಳಿದ ಮಿತಿ 8 ಜಿಬಿ, 16 ಜಿಬಿ ಸರಾಗವಾಗಿ ನಡೆಯುತ್ತದೆ. ಬೇಕಾದ್ದು 204 ಪಿನ್‌ನ ಡಿಡಿಆರ್3, 1600 ಮೆಗಾಹರ್ಟ್ಸ್. ಆನ್ ಮಾಡಿದಾಗ 5 ಸೆಕೆಂಡಿಗೊಮ್ಮೆ ಒಂದು ಬೀಪ್ ಬಂದರೆ ರ‍್ಯಾಮ್ ಸರಿಯಾಗಿ ಕೂತಿಲ್ಲ, ಮೂರು ಬೀಪ್ ಬಂದರೆ ರ‍್ಯಾಮ್ ಕಾರ್ಡೇ ಸರಿಯಿಲ್ಲ. ಎರಡೂ ಸ್ಲಾಟ್‌ನಲ್ಲಿ ಒಂದೇ ಗಾತ್ರದ್ದಿರಲಿ, ಆಗ ಎರಡೂ ಜೊತೆಯಾಗಿ ವೇಗವಾಗಿ ದುಡಿಯುತ್ತವೆ. ಅದು ಮುಖ್ಯ, ಯಾಕೆಂದರೆ ಇದರ ಎಚ್‌ಡಿ 4000 ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ, ರ‍್ಯಾಮ್‌ನಿಂದಲೇ ಪಾಲು ತೆಗೆದುಕೊಳ್ಳುತ್ತದೆ. ಬರವಣಿಗೆ, ಬ್ಯಾಂಕ್ ಕೆಲಸ, ಹತ್ತು ಟ್ಯಾಬ್ ಇವಿಷ್ಟೇ ನಿಮ್ಮ ಬಳಕೆಯಾದರೆ 8 ಜಿಬಿಗೇ ನಿಲ್ಲಿಸಿ. ಆಕ್ಟಿವಿಟಿ ಮಾನಿಟರ್‌ನ ಮೆಮೊರಿ ಟ್ಯಾಬ್‌ನಲ್ಲಿ ಒತ್ತಡದ ಗ್ರಾಫ್ ಹಸಿರಾಗಿದ್ದರೆ ಇನ್ನಷ್ಟು ರ‍್ಯಾಮ್ ಹಾಕಿ ವೇಗ ಬರುವುದಿಲ್ಲ.

ಇನ್ನೊಂದು ಬಗೆಯ ನಿಧಾನವಿದೆ, ಅದರ ಲಕ್ಷಣ ಬೇರೆ. ಬಣ್ಣದ ಚಕ್ರ ಬರುವುದಿಲ್ಲ, ಆದರೆ ಎಲ್ಲವೂ ಜೇನಿನಲ್ಲಿ ಅದ್ದಿದ ಹಾಗೆ ಸಾಗುತ್ತದೆ, ಟೈಪ್ ಮಾಡಿದ ಅಕ್ಷರ ಕೂಡ ತಡವಾಗಿ ಮೂಡುತ್ತದೆ. ಇಲ್ಲಿ ಡಿಸ್ಕ್ ಬಿಟ್ಟು ಬ್ಯಾಟರಿ ನೋಡಿ. ಬ್ಯಾಟರಿ ತೆಗೆದಿಟ್ಟು ಬರಿಯ ಚಾರ್ಜರ್‌ನಲ್ಲಿ ಓಡಿಸಿದರೆ ಈ ಮ್ಯಾಕ್‌ಬುಕ್ ಪ್ರೊಸೆಸರ್ ವೇಗವನ್ನು ತಾನಾಗಿಯೇ ಇಳಿಸುತ್ತದೆ. ಹೊರೆ ದಿಢೀರ್ ಏರಿದಾಗ 60 ವ್ಯಾಟ್ ಚಾರ್ಜರ್ ಒಂದೇ ತಡೆಯದೆ ಯಂತ್ರ ಆಫ್ ಆಗಬಾರದೆಂದು ಮಾಡಿದ ವ್ಯವಸ್ಥೆ ಅದು. ಉಬ್ಬಿದ ಬ್ಯಾಟರಿಯನ್ನು ಬಿಚ್ಚಿಟ್ಟು "ಹೇಗೂ ಮೇಜಿನ ಮೇಲೇ ಇರುತ್ತದಲ್ಲ" ಎಂದು ಬಳಸುವವರಿಗೆ ಎಸ್‌ಎಸ್‌ಡಿ ಹಾಕಿದರೂ ಸುಖವಿಲ್ಲದಿರುವುದು ಇದರಿಂದಲೇ. ಎ1322 ಬ್ಯಾಟರಿ ಹೊಸದು ಹಾಕಿಸಿ. ಅದನ್ನು ಹಿಡಿದಿರುವ ಸ್ಕ್ರೂಗಳಿಗೆ ಮೂರು ಕವಲಿನ ವೈ ಆಕಾರದ ಬಿಟ್ ಬೇಕು, ಬೇರೆ ಬಿಟ್ ತುರುಕಿ ತಲೆ ಸವೆಸಬೇಡಿ. ಟ್ರ್ಯಾಕ್‌ಪ್ಯಾಡ್ ಕ್ಲಿಕ್ ಆಗದೆ ಗಟ್ಟಿಯಾಗಿದ್ದರೆ ಅದರ ಕೆಳಗೆ ಬ್ಯಾಟರಿ ಉಬ್ಬಿದೆ ಎಂದು ತಿಳಿಯಿರಿ. ಅದನ್ನು ಆ ದಿನವೇ ತೆಗೆಸಬೇಕು, ವೇಗದ ಮಾತು ಆಮೇಲೆ.

ಆಕ್ಟಿವಿಟಿ ಮಾನಿಟರ್‌ನಲ್ಲಿ ಕರ್ನಲ್ ಟಾಸ್ಕ್ ಎಂಬುದು ಸಿಪಿಯುವನ್ನು ನೂರಕ್ಕಿಂತ ಹೆಚ್ಚು ಶೇಕಡಾ ಹಿಡಿದಿದ್ದರೆ ಅದನ್ನು ವೈರಸ್ ಎಂದುಕೊಳ್ಳಬೇಡಿ. ಬಿಸಿ ಹೆಚ್ಚಿದಾಗ ಬೇರೆ ಕೆಲಸಗಳಿಗೆ ಸಿಪಿಯು ಸಿಗದಂತೆ ಅಡ್ಡ ನಿಲ್ಲುವ ಕಾವಲುಗಾರ ಅದು. ಯಂತ್ರ ನಿಜಕ್ಕೂ ಸುಡುತ್ತಿದ್ದರೆ ಫ್ಯಾನಿನ ಧೂಳು ತೆಗೆಸಿ. ತಣ್ಣಗಿದ್ದೂ ಹೀಗಾದರೆ ಯಾವುದೋ ಸೆನ್ಸರ್ ತಪ್ಪು ಹೇಳುತ್ತಿದೆ. ಡಿ ಕೀ ಒತ್ತಿಹಿಡಿದು ಆನ್ ಮಾಡಿದರೆ ಆಪಲ್ ಹಾರ್ಡ್‌ವೇರ್ ಟೆಸ್ಟ್ ಬರುತ್ತದೆ, ಅಲ್ಲಿ 4ಎಸ್‌ಎನ್‌ಎಸ್ (4SNS) ಎಂದು ಶುರುವಾಗುವ ಕೋಡ್ ಕಂಡರೆ ಸೆನ್ಸರ್‌ನ ದೋಷ. ಅದಕ್ಕೂ ಮೊದಲು ಎಸ್‌ಎಂಸಿ (ವಿದ್ಯುತ್ತು, ಫ್ಯಾನ್ ನೋಡಿಕೊಳ್ಳುವ ಚಿಪ್) ರೀಸೆಟ್ ಮಾಡಿ ನೋಡಿ: ಶಟ್‌ಡೌನ್ ಮಾಡಿ, ಚಾರ್ಜರ್ ಸಿಕ್ಕಿಸಿ, ಎಡಗಡೆಯ ಶಿಫ್ಟ್, ಕಂಟ್ರೋಲ್, ಆಪ್ಶನ್ ಜೊತೆಗೆ ಪವರ್ ಬಟನ್ ಒಟ್ಟಿಗೆ 10 ಸೆಕೆಂಡ್ ಒತ್ತಿ ಬಿಡಿ. ಥರ್ಮಲ್ ಪೇಸ್ಟ್ ಬದಲಿಸುವುದು ಮಾತ್ರ ಮನೆಯ ಕೆಲಸವಲ್ಲ. ಹೀಟ್‌ಸಿಂಕ್ ಮದರ್‌ಬೋರ್ಡಿನ ಅಡಿಯಲ್ಲಿರುವುದರಿಂದ ಬೋರ್ಡನ್ನೇ ಹೊರಗೆ ತೆಗೆಯಬೇಕು. ಕೈ ಪಳಗಿದವರಿಗೇ ಬಿಡಿ.

ಸಾಫ್ಟ್‌ವೇರ್‌ಗೆ ಬಂದರೆ, ಈ ಮಾಡೆಲ್‌ಗೆ ಕಂಪನಿ ಕೊಟ್ಟ ಕೊನೆಯ ಆವೃತ್ತಿ 2019ರ ಕ್ಯಾಟಲಿನಾ. ಇನ್‌ಸ್ಟಾಲ್ ಆದ ಮೊದಲ ದಿನದ ನಿಧಾನವನ್ನು ಲೆಕ್ಕಕ್ಕೆ ತಗೋಬೇಡಿ. ಸ್ಪಾಟ್‌ಲೈಟ್ ಇಡೀ ಡಿಸ್ಕನ್ನು ಸೂಚಿ ಮಾಡುತ್ತಿರುತ್ತದೆ, ಫೋಟೋಸ್ ಮುಖಗಳನ್ನು ಗುರುತಿಸುತ್ತಿರುತ್ತದೆ. ಚಾರ್ಜರ್ ಹಾಕಿ ಒಂದು ರಾತ್ರಿ ಬಿಡಿ. ಬೂದು ಪರದೆಯಲ್ಲಿ ಅರ್ಧ ನಿಮಿಷ ನಿಂತು ಆಮೇಲೆ ಆನ್ ಆಗುತ್ತಿದ್ದರೆ ಸಿಸ್ಟಮ್ ಪ್ರಿಫರೆನ್ಸಸ್‌ನ ಸ್ಟಾರ್ಟಪ್ ಡಿಸ್ಕ್‌ನಲ್ಲಿ ಹೊಸ ಎಸ್‌ಎಸ್‌ಡಿಯನ್ನು ಆರಿಸಿರುವುದಿಲ್ಲ, ಅಷ್ಟೇ. ಬೇರೆ ಕಂಪನಿಯ ಎಸ್‌ಎಸ್‌ಡಿಗೆ ಟ್ರಿಮ್ (ಅಳಿಸಿದ ಫೈಲ್‌ಗಳ ಜಾಗ ಖಾಲಿಯಾಯಿತೆಂದು ಎಸ್‌ಎಸ್‌ಡಿಗೆ ತಿಳಿಸುವ ವ್ಯವಸ್ಥೆ) ತಾನಾಗಿ ಆನ್ ಆಗುವುದಿಲ್ಲ. ಟರ್ಮಿನಲ್‌ನಲ್ಲಿ ಸುಡೊ ಟ್ರಿಮ್‌ಫೋರ್ಸ್ ಎನೇಬಲ್ (sudo trimforce enable) ಎಂಬ ಆಜ್ಞೆ ಕೊಟ್ಟು ಎರಡು ಸಲ ಹೌದು ಎಂದರೆ ಯಂತ್ರ ರೀಸ್ಟಾರ್ಟ್ ಆಗಿ ಟ್ರಿಮ್ ಶುರುವಾಗುತ್ತದೆ. ತೀರಾ ಅಗ್ಗದ ಎಸ್‌ಎಸ್‌ಡಿಗಳು ಮೊದಲ ಕೆಲವು ಜಿಬಿ ಮಾತ್ರ ವೇಗವಾಗಿ ಬರೆದು, ಕ್ಯಾಶ್ ತುಂಬಿದ ಮೇಲೆ ಹಳೆಯ ಡಿಸ್ಕಿನ ಮಟ್ಟಕ್ಕೆ ಇಳಿಯುತ್ತವೆ. ಡಿರ‍್ಯಾಮ್ (ತನ್ನದೇ ಆದ ಮೆಮೊರಿ ಚಿಪ್) ಇರುವುದನ್ನು ಕೊಳ್ಳಿ, ಶೇಕಡಾ 15ರಷ್ಟಾದರೂ ಖಾಲಿ ಬಿಡಿ.

ಹಳೆಯ ಮ್ಯಾಕ್‌ಗಳಲ್ಲಿ ಹೊಸ ಆವೃತ್ತಿ ಓಡಿಸಲು ನೆರವಾಗುವ ಓಪನ್‌ಕೋರ್ ಲೆಗಸಿ ಪ್ಯಾಚರ್ ಬಳಸಿ ಮಾಂಟೆರೆ ಆವೃತ್ತಿ ಅಥವಾ ಅದಕ್ಕೂ ಹೊಸದನ್ನು ಹಾಕಿದವರಿಗೆ ಒಂದು ಮಾತು. ಮಾಂಟೆರೆಯಿಂದ ಎಚ್‌ಡಿ 4000 ಗ್ರಾಫಿಕ್ಸ್‌ನ ಡ್ರೈವರನ್ನೇ ಆಪಲ್ ತೆಗೆದಿದೆ. ಪ್ಯಾಚರ್ ಅದನ್ನು ಮತ್ತೆ ಸೇರಿಸುತ್ತದೆ, ಆದರೆ ಪ್ರತಿ ಸಿಸ್ಟಮ್ ಅಪ್‌ಡೇಟ್ ಅದನ್ನು ಅಳಿಸಿಹಾಕುತ್ತದೆ. ಅಪ್‌ಡೇಟ್ ಆದ ಮೇಲೆ ಡಾಕ್‌ನ ಪಾರದರ್ಶಕತೆ ಹೋಗಿ, ವಿಂಡೋ ಎಳೆದರೆ ಚೂರುಚೂರಾಗಿ ಬಂದರೆ ಹಾರ್ಡ್‌ವೇರ್ ಮುಟ್ಟಬೇಡಿ, ಪ್ಯಾಚರ್ ತೆರೆದು ಪೋಸ್ಟ್ ಇನ್‌ಸ್ಟಾಲ್ ರೂಟ್ ಪ್ಯಾಚ್ ಮತ್ತೆ ಹಾಕಿ. ಆಟೊಮ್ಯಾಟಿಕ್ ಅಪ್‌ಡೇಟ್ ಆಫ್ ಮಾಡಿಡಿ.

ಯೂಟ್ಯೂಬ್ ನೋಡುವಾಗ ಫ್ಯಾನ್ ಕಿರುಚುವುದಕ್ಕೂ ಕಾರಣ ಸ್ಪಷ್ಟ. ಎಚ್‌ಡಿ 4000 ಎಚ್.264 ವೀಡಿಯೊವನ್ನು ಚಿಪ್‌ನಲ್ಲೇ ಬಿಡಿಸುತ್ತದೆ, ವಿಪಿ9 ಎಂಬ ಇನ್ನೊಂದು ವೀಡಿಯೊ ಮಾದರಿ ಬಂದರೆ ಎಲ್ಲ ಭಾರ ಸಿಪಿಯು ಮೇಲೆ. ಎಚ್264ಇಫೈ (h264ify) ಎಂಬ ಬ್ರೌಸರ್ ಎಕ್ಸ್‌ಟೆನ್ಶನ್ ಯೂಟ್ಯೂಬನ್ನು ಎಚ್.264ರಲ್ಲೇ ಕೇಳುವಂತೆ ಮಾಡುತ್ತದೆ. ಹಾಕಿದ ಕೂಡಲೇ ವ್ಯತ್ಯಾಸ ಕಿವಿಗೇ ಗೊತ್ತಾಗುತ್ತದೆ.

ಇಷ್ಟೆಲ್ಲ ಸರಿಮಾಡಿದ ಯಂತ್ರ ಹೇಗಿರುತ್ತದೆ? ಕನ್ನಡದಲ್ಲಿ ಬರೆಯುವವರಿಗೆ ನನ್ನ ಮಟ್ಟಿಗೆ ಇವತ್ತಿಗೂ ಒಳ್ಳೆಯದು. ಕೀಬೋರ್ಡ್ ಗಟ್ಟಿಮುಟ್ಟು, ಕನ್ನಡ ಕೀಲಿವಿನ್ಯಾಸವೂ ಕನ್ನಡ ಎಂಎನ್, ಕನ್ನಡ ಸಂಗಮ್ ಎಂಎನ್ ಅಕ್ಷರಶೈಲಿಗಳೂ ಸಿಸ್ಟಮ್‌ನಲ್ಲೇ ಇವೆ, ಉದ್ದನೆಯ ಒತ್ತಕ್ಷರದ ಸಾಲಿನಲ್ಲೂ ತಡವರಿಸುವುದಿಲ್ಲ. ಫೋಟೋ ತಿದ್ದುವಷ್ಟು ತಾಕತ್ತಿದೆ. 4ಕೆ ವೀಡಿಯೊ ಎಡಿಟಿಂಗ್‌ಗೆ ಇದನ್ನು ನೆಚ್ಚಬೇಡಿ, ಎರಡು ಕೋರ್‌ಗಳಿಗೆ ಅದು ಹೊರೆ. 1280 ಬೈ 800ರ ಪರದೆ ಇಂದಿನ ಕಣ್ಣಿಗೆ ಮಂಕು, ಅದಕ್ಕೆ ಯಾವ ಅಪ್‌ಗ್ರೇಡ್ ಕೂಡ ಇಲ್ಲ. ಕ್ಯಾಟಲಿನಾಗೆ ಭದ್ರತಾ ಅಪ್‌ಡೇಟ್ 2022ಕ್ಕೇ ನಿಂತಿದೆ, ಕ್ರೋಮ್ ಕೂಡ 128ನೇ ಆವೃತ್ತಿಗೆ ನಿಂತಿತು. ಹಾಗಾಗಿ ಬ್ಯಾಂಕ್ ವ್ಯವಹಾರ ಇದರಲ್ಲೇ ಮಾಡುವವರು ಪ್ಯಾಚರ್‌ನ ದಾರಿ ಹಿಡಿಯಬೇಕು, ಇಲ್ಲವೇ ಲಿನಕ್ಸ್ ಮಿಂಟ್ ಹಾಕಿಕೊಳ್ಳಬೇಕು. ಮಿಂಟ್ ಹಾಕುವಾಗ ವೈಫೈ ಚಿಪ್ ಬ್ರಾಡ್‌ಕಾಮ್‌ನದು ಎಂಬುದು ನೆನಪಿರಲಿ. ಡ್ರೈವರ್ ಇಳಿಸಿಕೊಳ್ಳುವವರೆಗೆ ಎಡಬದಿಯ ಎತರ್ನೆಟ್ ಪೋರ್ಟ್‌ಗೆ ತಂತಿ ಹಾಕಿಡಿ.