ಜಿಪ್ ಎಳೆದು ಮಲಗಿದೆ, ಲೆನ್ಸ್ ಬೂಷ್ಟು ಹಿಡಿಯಿತು

ದಿನದ ತಿರುಗಾಟಕ್ಕೆ ಕ್ಯಾಮೆರಾ ಹೊತ್ತು ಹೋಗುವವರು ಮನೆಗೆ ಬಂದ ರಾತ್ರಿ ಏನು ಮಾಡುತ್ತೀರಿ? ನಾನು ಮಾಡುತ್ತಿದ್ದುದು ಇಷ್ಟೇ: ಚಿತ್ರಗಳನ್ನು ಕಂಪ್ಯೂಟರಿಗೆ ಇಳಿಸುವುದು, ಚೀಲದ ಜಿಪ್ ಎಳೆಯುವುದು, ಮಲಗುವುದು. ನನ್ನ ಮೆಚ್ಚಿನ ಜೂಮ್ ಲೆನ್ಸ್ ಹಾಳಾದದ್ದು ಆ ಜಿಪ್ಪಿನ ಒಳಗೆ.

ಅಂದು ಬೆಳಿಗ್ಗೆ ಜಲಪಾತ, ಮಧ್ಯಾಹ್ನ ಒಂದು ಸಸ್ಯೋದ್ಯಾನದ ಗಾಜಿನ ಮನೆ. ಜಲಪಾತದ ತುಂತುರನ್ನು ಲೆಕ್ಕಕ್ಕೇ ಇಟ್ಟುಕೊಳ್ಳದೆ ಅಂಗಿಯ ಅಂಚಿನಿಂದ ಒರೆಸಿ ಮುಂದೆ ನಡೆದೆ. ಆಮೇಲೆ ಏಸಿ ಹಾಕಿದ ಕಾರಿನಿಂದ ಇಳಿದು ನೇರ ಗಾಜಿನ ಮನೆಗೆ ನುಗ್ಗಿದೆ. ಆರ್ಕಿಡ್‌ಗಳಿಗಾಗಿ ಸಾಕಿಟ್ಟ ಆ ಬೆಚ್ಚನೆಯ ತೇವದ ಗಾಳಿ ತಣ್ಣಗಿದ್ದ ಲೆನ್ಸಿಗೆ ತಾಗಿದ್ದೇ ತಡ, ಗಾಜಿಗೆ ಹಾಲು ಬಳಿದಂತಾಯಿತು. ತಣ್ಣೀರಿನ ಲೋಟ ಬೆವರುತ್ತದಲ್ಲ, ಅದೇ. ಒರೆಸಿದೆ, ಮತ್ತೆ ಮಂಜು. ಒರೆಸಿದೆ, ಮತ್ತೆ. ತಾಳ್ಮೆ ಕೆಟ್ಟು ಅಲ್ಲೇ ನಿಂತು ಲೆನ್ಸ್ ಬದಲಿಸಿದೆ. ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಸೆನ್ಸರ್‌ಗೂ ಆ ಗಾಳಿಯ ಪ್ರಸಾದ ಸಿಕ್ಕಿತು. ಮಂಜು ಕರಗಿದ ಮೇಲೆ ಮತ್ತೆ ಜೂಮ್ ಲೆನ್ಸ್ ಹಾಕಿ ಒಂದು ಗಂಟೆ ಉಂಗುರವನ್ನು ಹಿಂದೆ ಮುಂದೆ ತಿರುಗಿಸುತ್ತಲೇ ಇದ್ದೆ. ಕೊಳವೆ ಉದ್ದವಾಗುವ ಲೆನ್ಸ್ ತಿದಿಯ ಹಾಗೆ ಗಾಳಿ ಎಳೆದುಕೊಳ್ಳುತ್ತದೆ ಎಂದು ಆಗ ಹೊಳೆಯಲಿಲ್ಲ. ತುಂತುರು ತಡೆಯುವ ಲೆನ್ಸ್ ಎಂಬ ಧೈರ್ಯ ಬೇರೆ! ರಬ್ಬರ್ ಉಂಗುರ ಹನಿಯನ್ನು ತಡೆದೀತು, ಆವಿಯನ್ನಲ್ಲ.

ಮನೆಗೆ ಬಂದೆ, ಜಿಪ್ ಎಳೆದೆ. ಚೀಲದೊಳಗಿನ ಸ್ಪಂಜು ಒದ್ದೆಯಾಗಿತ್ತು. ಮೂಲೆಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣವೇನೋ ಇತ್ತು, ಆದರೆ ಅದು ಚೀಲ ಕೊಂಡಾಗ ಬಂದದ್ದು. ಯಾವ ಕಾಲದಲ್ಲೋ ಹೊಟ್ಟೆ ತುಂಬ ನೀರು ಕುಡಿದು ಸುಮ್ಮನಾಗಿತ್ತು. ಮಳೆ ಹಿಡಿಯಿತು. ಮೂರು ತಿಂಗಳು ಚೀಲವನ್ನು ಮುಟ್ಟಲಿಲ್ಲ.

ಮುಂದಿನ ಸಲ ಹುಲ್ಲಿನ ಇಬ್ಬನಿಯನ್ನು ಎದುರು ಬಿಸಿಲಿನಲ್ಲಿ ತೆಗೆದೆ. ಹಿನ್ನೆಲೆಯಲ್ಲಿ ಹನಿಗಳು ಮಸುಕಾಗಿ ಬೆಳಕಿನ ಬಿಲ್ಲೆಗಳಾಗುತ್ತವಲ್ಲ, ಪ್ರತಿ ಬಿಲ್ಲೆಯೊಳಗೂ ಅದೇ ಜಾಗದಲ್ಲಿ ಅದೇ ಎಳೆಗಳು. ಬಿಸಿಲು ಬೆನ್ನಿಗಿದ್ದ ಚಿತ್ರಗಳಲ್ಲಿ ಏನೂ ಇರಲಿಲ್ಲ; ಮೊದಮೊದಲು ಈ ರೋಗ ಹಾಗೆಯೇ ಅಡಗಿರುತ್ತದೆ. ಕತ್ತಲೆ ಕೋಣೆಯಲ್ಲಿ ಲೆನ್ಸಿನ ಹಿಂಬದಿಯಿಂದ ಟಾರ್ಚ್ ಬಿಟ್ಟು ಮುಂದಿನಿಂದ ಓರೆಯಾಗಿ ನೋಡಿದೆ. ಒಳಗಿನ ಗಾಜಿನ ಅಂಚಿನಿಂದ ನಡುವಿನ ಕಡೆಗೆ ಬಿಳಿಯ ಎಳೆಗಳು ಕವಲೊಡೆದು ಹರಡಿದ್ದವು, ಒಣಗಿದ ಎಲೆಯ ನರಗಳಂತೆ. ಚಂದವಾಗಿಯೇ ಇತ್ತು, ಅದೇ ಸಂಕಟ.

ದುರಸ್ತಿಯವರು ಬಿಚ್ಚಿ ಬೂಷ್ಟನ್ನು ಒರೆಸಿದರು. ಆದರೆ ಅದು ಬೆಳೆಯುವಾಗ ಆಮ್ಲ ಒಸರುತ್ತದೆಯಂತೆ. ಗಾಜಿನ ಮೇಲಿನ ಲೇಪ ಎಳೆ ಹರಿದ ದಾರಿಯುದ್ದಕ್ಕೂ ಸವೆದಿದೆ. ಅದಕ್ಕೆ ಮದ್ದಿಲ್ಲ. ಬಿಸಿಲಿಗೆ ಇಟ್ಟರೆ ಸರಿಹೋಗುತ್ತದೆ ಎನ್ನುವವರ ಮಾತು ಕೇಳಬೇಡಿ: ಗುರುತು ಅಳಿಯುವುದಿಲ್ಲ, ಒಳಗಿನ ಗ್ರೀಸ್ ಕರಗಿ ಹರಿದರೂ ಹರಿದೀತು, ಲೆನ್ಸ್ ಸೂರ್ಯನ ಕಡೆ ತಿರುಗಿದ್ದರೆ ಹಿಂದೆ ಇರುವ ಬಟ್ಟೆ ಸುಟ್ಟರೂ ಸುಟ್ಟೀತು.

ಈಗ ಗಾಜಿನ ಮನೆಯ ಬಾಗಿಲಿಗೆ ಹೋಗುವ ಮೊದಲೇ ಕ್ಯಾಮೆರಾವನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಬಿಗಿಯುತ್ತೇನೆ. ಬೆವರುವುದಾದರೆ ಚೀಲದ ಹೊರಮೈ ಬೆವರಲಿ. ಅರ್ಧ ಗಂಟೆ ಕಾಯುತ್ತೇನೆ, ಅಷ್ಟು ಹೊತ್ತು ಬರಿಗಣ್ಣಿನಿಂದ ಹೂವು ನೋಡುತ್ತೇನೆ. ಮನೆಗೆ ಬಂದ ರಾತ್ರಿ ಎಲ್ಲವನ್ನೂ ಹೊರಗೆ ತೆಗೆದು ಫ್ಯಾನಿನ ಗಾಳಿಗೆ ಹರಡುತ್ತೇನೆ, ಚೀಲವನ್ನೂ ಸೇರಿಸಿ. ಆಮೇಲೆ ಗಾಳಿಯಾಡದ ಡಬ್ಬಿ, ಬಣ್ಣ ಬದಲಿಸುವ ಸಿಲಿಕಾ ಜೆಲ್, ಒಂದು ಪುಟ್ಟ ತೇವಮಾಪಕ. ಮುಳ್ಳು ಶೇಕಡಾ 40ರಿಂದ 50ರ ನಡುವೆ ಇದ್ದರೆ ನೆಮ್ಮದಿ, 60 ದಾಟಿದರೆ ಜೆಲ್ ಒಣಗಿಸುವ ಕೆಲಸ.

ಆ ಲೆನ್ಸ್ ಇನ್ನೂ ಇದೆ, ಬೇರೆ ಕೋಣೆಯಲ್ಲಿ, ಬೇರೆ ಡಬ್ಬಿಯಲ್ಲಿ. ಬೂಷ್ಟಿನ ಬೀಜಕಣ ಗಾಳಿಯಲ್ಲಿ ಎಲ್ಲೆಡೆಯೂ ಇರುತ್ತದೆ ಎಂದು ಗೊತ್ತು. ಆದರೂ ಉಳಿದ ಲೆನ್ಸ್‌ಗಳ ಪಕ್ಕದಲ್ಲಿ ಇಡಲು ಕೈ ಬರುವುದಿಲ್ಲ.