ರೇಷ್ಮೆಯ ಎಳೆ ಹಿಡಿಯದ ವಜ್ರದುಂಗುರ: ಶಹಾಪುರದ ಸರಾಫ್ ಗಲ್ಲಿಯಲ್ಲಿ ಮಾಡಿಸಿದ್ದು

ನಾನು ಬೆಳಗಾವಿಯ ವಡಗಾವಿಯಲ್ಲಿ ರವಿಕೆ ಹೊಲಿಯುವವಳು. ಬೆಳಗಿನಿಂದ ದೀಪ ಹಚ್ಚುವ ಹೊತ್ತಿನವರೆಗೆ ನನ್ನ ಕೈ ರೇಷ್ಮೆಯ ಮೇಲೆಯೇ ಓಡಾಡುತ್ತದೆ. ಸೀರೆಗೆ ಫಾಲ್ ಹಚ್ಚುವಾಗ ಉಗುರಿನ ಸಣ್ಣ ಸೀಳು ತಾಗಿದರೂ ಎಳೆ ಎದ್ದು ಬರುತ್ತದೆ. ಎದ್ದ ಎಳೆಯನ್ನು ಮೊದಲಿನಂತೆ ಕೂರಿಸುವುದು ನೇಯ್ದವನಿಂದಲೂ ಆಗದ ಮಾತು. ಹೀಗಾಗಿ ನಿಶ್ಚಿತಾರ್ಥಕ್ಕೆ ವಜ್ರದ ಉಂಗುರ ಹಾಕೋಣ ಎಂದು ಇಳಕಲ್ಲಿನಿಂದ ನನ್ನವರು ಫೋನ್ ಮಾಡಿದಾಗ ಸಂತೋಷದ ಹಿಂದೆಯೇ ಚಿಂತೆಯೂ ಬಂತು. ಹಬ್ಬಕ್ಕೆ ಮಾತ್ರ ತೆಗೆದು ಹಾಕಿಕೊಳ್ಳುವ ಉಂಗುರ ನನಗೆ ಬೇಡವಾಗಿತ್ತು. ದಿನವೂ ಬೆರಳಲ್ಲಿ ಇರಬೇಕು, ಹೊಲಿಗೆಯನ್ನೂ ತಡೆಯಬಾರದು. ಇಬ್ಬರೂ ಸೇರಿ ಒಂದು ಲಕ್ಷ ರೂಪಾಯಿ ತೆಗೆದಿಟ್ಟೆವು.

ಮೊದಲು ಹೋದದ್ದು ಊರೊಳಗಿನ ಒಂದು ದೊಡ್ಡ ಮಳಿಗೆಗೆ. ತಣ್ಣನೆಯ ಗಾಳಿ, ಮೆತ್ತನೆಯ ಕುರ್ಚಿ, ತಲೆಯ ಮೇಲೆ ಸಾಲು ಸಾಲು ದೀಪ. ಆ ದೀಪಗಳ ಕೆಳಗೆ ತಟ್ಟೆಯಲ್ಲಿದ್ದ ಪ್ರತಿಯೊಂದು ಕಲ್ಲೂ ಹೊಳೆಯುತ್ತಿತ್ತು, ನನ್ನ ಅಳತೆಪಟ್ಟಿಯ ತಗಡಿನ ತುದಿ ಕೂಡ. ಸರಿಯಾಗಿ ಅರ್ಧ ಕ್ಯಾರೆಟ್‌ನ ಒಂದು ಕಲ್ಲು ತೋರಿಸಿ 96 ಸಾವಿರ ಹೇಳಿದರು. ಪಕ್ಕದಲ್ಲೇ ಅದೇ ಗಾತ್ರದ ಇನ್ನೊಂದು ಕಲ್ಲು ಅದರ ಕಾಲುಭಾಗಕ್ಕಿಂತ ಕಡಿಮೆ ಬೆಲೆಗಿತ್ತು. ಏಕೆ ಎಂದು ಎರಡು ಸಲ ಕೇಳಿದ ಮೇಲೆ, ಪ್ರಮಾಣಪತ್ರ ಕೊಡಿ ಎಂದ ಮೇಲೆ, ಅದು ಪ್ರಯೋಗಾಲಯದಲ್ಲಿ ಬೆಳೆಸಿದ್ದೆಂದು ಬಾಯಿಬಿಟ್ಟರು. ಬೆಳೆಸಿದ ವಜ್ರದ ಮೇಲೆ ನನಗೆ ಯಾವ ದೂರೂ ಇಲ್ಲ. ಅದೂ ಇಂಗಾಲವೇ, ಗಡಸೂ ಅಷ್ಟೇ, ಬರಿಗಣ್ಣಿಗೆ ವ್ಯತ್ಯಾಸವೇ ತಿಳಿಯುವುದಿಲ್ಲ. ಕೈ ಸಡಿಲವಿಲ್ಲದವರು ಧೈರ್ಯವಾಗಿ ಅದನ್ನೇ ಕೊಳ್ಳಬಹುದು. ಮರುಮಾರಾಟದ ಬೆಲೆ ನೆಚ್ಚಬಾರದು, ಅಷ್ಟೇ. ಆದರೆ ಕೇಳುವ ಮೊದಲೇ ಹೇಳಬೇಕಾದ ಮಾತದು. ಪಾಲಿಯೆಸ್ಟರ್ ಸೀರೆಯನ್ನು ಪಾಲಿಯೆಸ್ಟರ್ ಎಂದು ಹೇಳಿಯೇ ಮಾರಬೇಕು. ಅಲ್ಲಿಂದ ಎದ್ದು ಬಂದೆವು.

ಮರುವಾರ ಕಪಿಲೇಶ್ವರ ಮೇಲ್ಸೇತುವೆ ಇಳಿದು ಶಹಾಪುರದ ಸರಾಫ್ ಗಲ್ಲಿಗೆ ಹೋದೆ. ನಾನು ಬರೆಯುತ್ತಿರುವುದು ಅಲ್ಲಿನ ಒಂದು ಚಿಕ್ಕ ಅಂಗಡಿಯ ಬಗ್ಗೆ. ಮಾಲೀಕರು ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ. ಅವರೂ ಅವರ ಮಗನೂ ಇಬ್ಬರೇ ಕೂತು ಕೆಲಸ ಮಾಡುವುದು. ಈಗ ಬರುವ ಕೆಲಸವೇ ಅವರಿಗೆ ಹೆಚ್ಚು.

ಹಿರಿಯರು ಮೊದಲು ಕೇಳಿದ್ದು ಬಜೆಟ್ ಅಲ್ಲ, ನನ್ನ ಉದ್ಯೋಗ. ಹೇಳಿದೆ. ಬಲಗೈಯೋ ಎಡಗೈಯೋ, ಬಟ್ಟೆ ಒತ್ತುವ ಕೈ ಯಾವುದು, ಕತ್ತರಿ ಹಿಡಿದಾಗ ಯಾವ ಬೆರಳಿಗೆ ಉಜ್ಜುತ್ತದೆ ಎಂದೆಲ್ಲ ವಿಚಾರಿಸಿದರು. ಆಮೇಲೆ ಬಿಳಿ ಕಾಗದದ ಮಡಿಕೆಗಳನ್ನು ಬಿಚ್ಚಿ ಮೂರು ಕಲ್ಲು ಇಟ್ಟರು. ಮೂರೂ ಭೂಮಿಯಿಂದ ಬಂದವು, ಮೂರಕ್ಕೂ ರತ್ನ ಪರೀಕ್ಷಿಸುವ ಐಜಿಐ ಸಂಸ್ಥೆಯ ಪ್ರಮಾಣಪತ್ರ. ಒಳಗಿನ ದೀಪ ಆರಿಸಿ, ಕಲ್ಲುಗಳನ್ನು ಅಂಗಡಿಯ ಮುಂದಿನ ಕಟ್ಟೆಗೆ ತಂದು, ನೆರಳಲ್ಲಿ ನೋಡಲು ಹೇಳಿದರು. ಬಿಸಿಲಿಲ್ಲದ ಹಗಲಿನ ಬೆಳಕಿನಲ್ಲಿ ಬಣ್ಣವೂ ಕೆತ್ತನೆಯೂ ಮುಚ್ಚಿಟ್ಟುಕೊಳ್ಳಲಾರವು ಎಂಬುದು ಅವರ ಮಾತು, ಅದು ನಿಜ. ಒಂದು ಕಲ್ಲಿನ ನಡುವೆ ಬಾವಿಯ ತಳದಂತೆ ಕಪ್ಪು ಕಾಣಿಸಿತು. ದೀಪದ ಕೆಳಗೆ ಅದೇ ಎಲ್ಲಕ್ಕಿಂತ ಚೆನ್ನಾಗಿತ್ತು!

ಆ ಕಪ್ಪಿಗೆ ಕಾರಣವನ್ನು ಪ್ರಮಾಣಪತ್ರದಲ್ಲೇ ಬೆರಳಿಟ್ಟು ತೋರಿಸಿದರು. ತೂಕ 0.50 ಕ್ಯಾರೆಟ್, ಅಂದರೆ 100 ಮಿಲಿಗ್ರಾಂ. ವ್ಯಾಸ 4.95 ಮಿ.ಮೀ. ಆಳ ಆ ವ್ಯಾಸದ 65.8 ಶೇಕಡಾ. ಪಕ್ಕದ ಕಲ್ಲು 0.46 ಕ್ಯಾರೆಟ್, ಆದರೆ ವ್ಯಾಸ 4.98 ಮಿ.ಮೀ., ಆಳ 61.4 ಶೇಕಡಾ. ತೂಕ ಕಡಿಮೆ ಇರುವುದೇ ಮೇಲಿಂದ ನೋಡಿದರೆ ಕೂದಲೆಳೆಯಷ್ಟು ದೊಡ್ಡದು. ಮೊದಲನೆಯದರ ತೂಕವೆಲ್ಲ ಹೊಟ್ಟೆಯಲ್ಲಿದೆ. ಹೊಟ್ಟೆ ಆಳವಾದರೆ ಮೇಲಿಂದ ಇಳಿದ ಬೆಳಕು ಕಣ್ಣಿಗೆ ಮರಳದೆ ಕೆಳಗಿನಿಂದಲೇ ಸೋರಿಹೋಗುತ್ತದೆ. ದುಂಡು ಕಲ್ಲಿನ 57 ಮುಖಗಳೂ ಒಂದಕ್ಕೊಂದು ಕನ್ನಡಿ. ಯಾವುದು ಎಷ್ಟು ಓರೆಯಿದ್ದರೆ ಬೆಳಕು ಮರಳುತ್ತದೆ ಎಂದು ಟೋಲ್ಕೋವ್ಸ್ಕಿ ಎಂಬವರು 1919ರಲ್ಲೇ ಲೆಕ್ಕ ಹಾಕಿ ಪ್ರಕಟಿಸಿದ್ದಾರೆ. ಹಾಗಿದ್ದರೂ ಆಳವಾಗಿ ಏಕೆ ಕೆತ್ತುತ್ತಾರೆ? ಅರ್ಧ ಕ್ಯಾರೆಟ್ ಎಂಬ ಗೆರೆ ಮುಟ್ಟಿದೊಡನೆ ಬೆಲೆ ಜಿಗಿಯುತ್ತದೆ, ಅದಕ್ಕೆ.

ಇದು ನನಗೆ ತಕ್ಷಣ ತಿಳಿಯಿತು. ಬಟ್ಟೆ ಎಷ್ಟೇ ಬೆಲೆಯದಾಗಿರಲಿ, ಕತ್ತರಿಸಿದ ಕೈ ಸರಿಯಿಲ್ಲದಿದ್ದರೆ ರವಿಕೆ ಮೈಗೆ ಕೂರುವುದಿಲ್ಲ. ಬಣ್ಣ, ಶುದ್ಧತೆ ಎರಡೂ ಮಣ್ಣಿನಿಂದ ಬಂದದ್ದು. ಕೆತ್ತನೆ ಮಾತ್ರ ಮನುಷ್ಯನ ಕೆಲಸ. ಹಣ ಹಾಕುವುದಾದರೆ ಮೊದಲು ಅದಕ್ಕೇ ಹಾಕಬೇಕು ಎಂದು ನಾನು ಖಂಡಿತವಾಗಿ ಹೇಳುತ್ತೇನೆ.

0.46ರ ಕಲ್ಲನ್ನೇ ಹಿಡಿದೆ. ಕೆತ್ತನೆಗೆ ಎಕ್ಸಲೆಂಟ್ ದರ್ಜೆ. ಬಣ್ಣ ಐ, ಶುದ್ಧತೆ ಎಸ್‌ಐ1, ಅಂದರೆ ಮಸೂರದಲ್ಲಿ ಕಾಣುವಂಥ ಸಣ್ಣ ಕಲೆ ಒಳಗಿರುವುದು. ಬಣ್ಣದ ಶ್ರೇಣಿ ಡಿಯಿಂದ ಶುರುವಾಗುತ್ತದೆ, ಡಿ ಎಂದರೆ ನೀರಿನಂತೆ ನಿರ್ವರ್ಣ. ಐ ಅದಕ್ಕಿಂತ ಐದು ಮೆಟ್ಟಿಲು ಕೆಳಗೆ, ಸ್ವಲ್ಪ ಹಳದಿಯ ಸುಳಿವು. ಹಳದಿ ಚಿನ್ನದಲ್ಲಿ ಕೂರಿಸಿದಾಗ ಆ ಸುಳಿವೂ ಕಾಣುವುದಿಲ್ಲ, ಬಿಳಿ ಚಿನ್ನವಾಗಿದ್ದರೆ ಯೋಚಿಸಬೇಕಿತ್ತು. ಹತ್ತು ಪಟ್ಟು ಹಿಗ್ಗಿಸುವ ಮಸೂರದಲ್ಲಿ ನೋಡಿದೆ. ಮಸೂರವನ್ನು ಕಣ್ಣಿಗೆ ಒತ್ತಿ, ಕಲ್ಲನ್ನು ಅದರ ಹತ್ತಿರ ತಂದಾಗ ಮೊದಲು ಬರೀ ಮಿಂಚು, ಆಮೇಲೆ ನಿಧಾನವಾಗಿ ಒಳಗಿನ ಅಂಗಳ ತೆರೆಯಿತು. ಅಂಚಿನ ಪಕ್ಕದಲ್ಲಿ ಸಾಸಿವೆಯ ಸಿಪ್ಪೆಯ ತುಣುಕಿನಂಥ ಒಂದು ಕಪ್ಪು ಚುಕ್ಕೆ. ಅದನ್ನು ನೋಡಿ ಹಿರಿಯರು, ಈ ಚುಕ್ಕೆ ನಿಮ್ಮ ಉಂಗುರದ ಅಂಚಿನ ಕೆಳಗೆ ಮಲಗುತ್ತದೆ, ಚುಕ್ಕೆಯಿಂದಾಗಿ ಕಡಿಮೆಯಾದ ಬೆಲೆ ನಿಮಗೆ ಲಾಭ ಎಂದರು. ಕಲ್ಲಿಗೆ 72 ಸಾವಿರ.

ನಮ್ಮ ಕಡೆ ವಜ್ರ ಎಲ್ಲರಿಗೂ ಆಗಿಬರುವುದಿಲ್ಲ ಎನ್ನುತ್ತಾರೆ. ಕೊಳ್ಳುವ ಮುನ್ನ ಮೂರು ರಾತ್ರಿ ಮನೆಯಲ್ಲಿರಲಿ ಎಂದು ಅವ್ವ ಹಟ ಹಿಡಿದಳು. ಇಷ್ಟು ಬೆಲೆಯ ಬಿಡಿ ಕಲ್ಲನ್ನು ಯಾರು ಮನೆಗೆ ಕೊಡುತ್ತಾರೆ ಎಂದುಕೊಂಡಿದ್ದೆ. ಪೂರ್ತಿ ಹಣ ಠೇವಣಿ ಇಟ್ಟುಕೊಂಡು, ತೂಕ ಮಾಡಿ, ರಸೀದಿ ಬರೆದು ಅವರು ಕೊಟ್ಟರು. ಮೂರು ರಾತ್ರಿ ಅದು ದೇವರ ಜಗುಲಿಯ ಮೇಲೆ ಅರಿಶಿನದ ಬಟ್ಟಲಿನ ಪಕ್ಕದಲ್ಲಿತ್ತು. ನಾಲ್ಕನೆಯ ಬೆಳಗ್ಗೆ ಅವ್ವ ಆಗಲಿ ಎಂದಳು. ಅವಳ ಆ ಒಪ್ಪಿಗೆ ನನಗೆ ಪ್ರಮಾಣಪತ್ರದಷ್ಟೇ ಮುಖ್ಯವಾಗಿತ್ತು.

ಚಿನ್ನಕ್ಕೆ ಅಜ್ಜಿಯ ಹಳೆಯ ಉಂಗುರ ಕೊಟ್ಟೆ. ನನ್ನ ಕಣ್ಣೆದುರೇ ತೂಗಿದರು, 4 ಗ್ರಾಂ. ಕರಗಿಸಿದ ಮೇಲೆ 3.9. ಶುದ್ಧತೆ 87 ಶೇಕಡಾ ಬಂತು, 22 ಕ್ಯಾರೆಟ್‌ಗೂ ಸ್ವಲ್ಪ ಕಡಿಮೆ. ಹಳೆಯ ಒಡವೆಯಲ್ಲಿ ಬೆಸುಗೆ ಹೆಚ್ಚಿರುವುದರಿಂದ ಇದು ಸಾಮಾನ್ಯವಂತೆ. 22 ಕ್ಯಾರೆಟ್ ಮೆತ್ತಗೆ, ಕಲ್ಲನ್ನು ವರ್ಷಗಟ್ಟಲೆ ಬಿಗಿಯಾಗಿ ಹಿಡಿಯಲು 18, ಅಂದರೆ 75 ಶೇಕಡಾ ಚಿನ್ನ, ಬೇಕು. ಹೊಸ ಉಂಗುರ 3.8 ಗ್ರಾಂ ತೂಗಿತು. ಅಪ್ಪಟದ ಲೆಕ್ಕದಲ್ಲಿ ಮಿಕ್ಕ ಅರ್ಧ ಗ್ರಾಂ ಚಿನ್ನವನ್ನು ಮಜೂರಿಯಲ್ಲಿ ಕಳೆದು ಬರೆದರು.

ವಿನ್ಯಾಸಕ್ಕೆ ಮೂರು ಸಲ ಹೋಗಬೇಕಾಯಿತು, ಮೂರೂ ಸಲ ಸಂತೋಷದಿಂದಲೇ ಹೋದೆ. ಎಲ್ಲರೂ ಹಾಕಿಸಿಕೊಳ್ಳುವ ಆರು ಹಲ್ಲಿನ ಎತ್ತರದ ಕಟ್ಟು ನನಗೆ ಕೂಡದು. ಒಂದೊಂದು ಹಲ್ಲೂ ರೇಷ್ಮೆಗೆ ಒಂದೊಂದು ಕೊಕ್ಕೆ. ಬೆಜೆಲ್ ಕಟ್ಟು, ಅಂದರೆ ಕಲ್ಲಿನ ಸುತ್ತ ಚಿನ್ನದ ತೆಳು ಗೋಡೆ ಎಬ್ಬಿಸಿ ಅದರ ತುಟಿಯನ್ನು ಕಲ್ಲಿನ ಮೇಲೆ ಮಡಿಸುವುದು, ತಗ್ಗಾಗಿ ಮಾಡೋಣ ಎಂದರು. ವಜ್ರ ಗಡಸಾದರೂ ಸರಿಯಾದ ಕೋನದಲ್ಲಿ ಪೆಟ್ಟು ಬಿದ್ದರೆ ಅಂಚು ಚೆಕ್ಕೆ ಏಳುತ್ತದೆ. ಗೋಡೆ ಅದನ್ನೂ ಕಾಯುತ್ತದೆ. ಪಕ್ಕದ ಗೋಡೆಗೆ ಇಳಕಲ್ ಸೀರೆಯ ತೋಪುತೆನೆ ಬೇಕೆಂದು ಸೆರಗಿನ ತುಂಡೊಂದನ್ನು ಒಯ್ದಿದ್ದೆ. ಕೆಂಪು ರೇಷ್ಮೆಯಲ್ಲಿ ಬಿಳಿಯ ತೆನೆ ಕೋಟೆಯ ತಲೆಯಂತೆ ಏರಿ ಇಳಿಯುವ ಆ ಸಾಲನ್ನು ಅವರು ಮಸೂರದಲ್ಲಿ ಬಹಳ ಹೊತ್ತು ನೋಡಿದರು. ಎಳೆ ಎಣಿಸಿ ಕಾಗದದ ಮೇಲೆ ಬರೆದರು. ಹೊರಕ್ಕೆ ಉಬ್ಬಿಸಿದರೆ ಎಳೆ ಹಿಡಿಯುತ್ತದೆ, ಒಳಕ್ಕೆ ಕೊರೆಯುತ್ತೇನೆ ಎಂದರು. ಮೇಣದ ಅಚ್ಚನ್ನು ಬೆರಳಿಗೆ ಹಾಕಿಸಿ ಕತ್ತರಿ ಹಿಡಿಸಿ ನೋಡಿದರು. ಬೆರಳು ಬೆಳಗ್ಗೆ ಸಣ್ಣ, ಸಂಜೆ ದಪ್ಪ ಎಂದು ಎರಡು ಹೊತ್ತೂ ಅಳತೆ ತೆಗೆದರು.

ಬೆಜೆಲ್ ಮಾಡಿಸುವವರು ಒಂದು ಮಾತು ಮರೆಯಬಾರದು. ಪ್ರಮಾಣಪತ್ರದ ಸಂಖ್ಯೆಯನ್ನು ಲೇಸರ್‌ನಿಂದ ಕಲ್ಲಿನ ಸೊಂಟದ ಮೇಲೆ ಬರೆದಿರುತ್ತಾರೆ. ಗೋಡೆ ಮುಚ್ಚಿದ ಮೇಲೆ ಅದು ಕಾಣುವುದಿಲ್ಲ. ಕಲ್ಲು ಕೂರಿಸುವ ದಿನ ನಾನು ಅಲ್ಲಿಯೇ ಇದ್ದು, ಸಂಖ್ಯೆ ಓದಿ, ಪ್ರಮಾಣಪತ್ರದೊಂದಿಗೆ ತಾಳೆ ನೋಡಿ, ನನ್ನೆದುರೇ ಕೂರಿಸಿಕೊಂಡೆ.

ಹಾಲ್‌ಮಾರ್ಕ್ ಆಗಿ ಬಂದ ಉಂಗುರದಲ್ಲಿ ಆರು ಅಕ್ಷರದ ಸಂಖ್ಯೆ ಇತ್ತು, ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ 18 ಕ್ಯಾರೆಟ್ ಎಂದು ತೋರಿಸಿತು. ಆದರೆ ನನ್ನ ಪರೀಕ್ಷೆ ಬೇರೆ. ಚೀಲದಿಂದ ಹಸಿರು ರೇಷ್ಮೆಯ ತುಂಡು ತೆಗೆದು ಉಂಗುರದ ಮೇಲೆ ಎಳೆದೆ. ಒಂದು ಕಡೆ ಹಿಡಿಯಿತು. ತುಟಿ ಮಡಿಸುವಾಗ ಉಳಿದ ಸೂಜಿಮೊನೆಯಷ್ಟು ಏರು. ಕಣ್ಣಿಗೆ ಕಾಣದು, ಬೆರಳಿಗೂ ಸಿಗದು. ಮಗ ಇಷ್ಟು ಸಾಲುತ್ತದೆ ಎಂದ, ನನಗೆ ಬೇಸರವಾಯಿತು. ಹಿರಿಯರು ಒಂದೂ ಮಾತಾಡದೆ ಆ ತುಂಡನ್ನು ನನ್ನ ಕೈಯಿಂದ ತೆಗೆದುಕೊಂಡು, ಸವರಿ, ಎಳೆದು, ಮತ್ತೆ ಸವರಿ, ಮುಕ್ಕಾಲು ಗಂಟೆ ಕೂತರು.

ದೂರುಗಳೂ ಇವೆ. ಹೇಳಿದ ದಿನಕ್ಕಿಂತ ಒಂಬತ್ತು ದಿನ ತಡ. ಭಾನುವಾರ ನಿಶ್ಚಿತಾರ್ಥ, ಉಂಗುರ ಸಿಕ್ಕಿದ್ದು ಶುಕ್ರವಾರ ಸಂಜೆ. ಆ ವಾರ ಮನೆಯಲ್ಲಿ ಯಾರಿಗೂ ನೆಮ್ಮದಿಯಿರಲಿಲ್ಲ. ಮರಳಿ ಕೊಟ್ಟರೆ ಎಷ್ಟು ಕೊಡುತ್ತೀರಿ ಎಂಬುದನ್ನು ಬಾಯಲ್ಲಿ ಹೇಳಿದರು, ಬಿಲ್ಲಿನಲ್ಲಿ ಬರೆಸಲು ನಾನು ಎರಡು ಸಲ ಕೇಳಬೇಕಾಯಿತು. ಗಾಡಿ ನಿಲ್ಲಿಸಲು ಗಲ್ಲಿಯಲ್ಲಿ ಜಾಗವಿಲ್ಲ. ತೆರಿಗೆ, ಮಜೂರಿ ಎಲ್ಲ ಸೇರಿ 86 ಸಾವಿರವಾಯಿತು. ತೆಗೆದಿಟ್ಟದ್ದರಲ್ಲಿ ಉಳಿದ ಹಣದಿಂದ ನನ್ನವರಿಗೂ ಒಂದು ಸಾದಾ ಉಂಗುರ ಅಲ್ಲಿಯೇ ಮಾಡಲು ಹಾಕಿದ್ದೇವೆ.

ನಾಲ್ಕು ತಿಂಗಳಾಯಿತು. ವಾರಕ್ಕೊಮ್ಮೆ ಉಗುರು ಬೆಚ್ಚಗಿನ ಸಾಬೂನು ನೀರಿನಲ್ಲಿ ಮೆತ್ತನೆಯ ಬ್ರಷ್‌ನಿಂದ ಕೆಳಗಿನ ತೂತಿನ ಕಡೆಯಿಂದ ತೊಳೆಯುತ್ತೇನೆ. ವಜ್ರಕ್ಕೆ ಜಿಡ್ಡು ಬೇಗ ಅಂಟುತ್ತದೆ, ಜಿಡ್ಡು ಕೂತರೆ ಹೊಳಪು ಸಾಯುತ್ತದೆ. ನಿನ್ನೆ ಅತ್ತೆಯವರು ಮದುವೆಯ ಸೀರೆ ಕಳಿಸಿದ್ದಾರೆ, ಗೋಮಿ ದಡಿಯ ಇಳಕಲ್. ಉಂಗುರ ತೆಗೆಯದೆಯೇ ಫಾಲ್ ಹಚ್ಚಲು ಕೂತಿದ್ದೇನೆ.