ಮರೀನ್ ಅಗಾರ್ 2216: ಸಾಕಲು ಸರಿ, ಹುಡುಕಲು ಸಾಲದು

ಕಡಲ ಬ್ಯಾಕ್ಟೀರಿಯಾಗಳಲ್ಲಿ ಹೊಸ ಆಂಟಿಬಯೋಟಿಕ್ ಹುಡುಕುವ ಲ್ಯಾಬ್ ಅಂದ್ಮೇಲೆ ಮರೀನ್ ಅಗಾರ್ 2216 ಎಂಬ, ಬ್ಯಾಕ್ಟೀರಿಯಾ ಬೆಳೆಸುವ ಈ ಪುಡಿಯ ಡಬ್ಬಿ ಕಪಾಟಿನಲ್ಲಿ ಇರಲೇಬೇಕು. ಕಡಲ ಸೂಕ್ಷ್ಮಜೀವಿ ತಜ್ಞ ಕ್ಲಾಡ್ ಝೋಬೆಲ್ 1941ರಲ್ಲಿ ಪ್ರಕಟಿಸಿದ ಮೀಡಿಯಾ, ಅಂದರೆ ಬ್ಯಾಕ್ಟೀರಿಯಾಗೆ ಕೊಡುವ ಊಟದ ಮಿಶ್ರಣ, ಇದರ ಮೂಲ. ಲೀಟರ್ ನೀರಿಗೆ 55.1 ಗ್ರಾಂ ಹಾಕಿ, ಕುದಿಸಿ, ಆಟೋಕ್ಲೇವ್ ಮಾಡಿ (ಒತ್ತಡದ ಹಬೆಯಲ್ಲಿ ಕ್ರಿಮಿ ಕೊಂದು), ಪ್ಲೇಟಿಗೆ ಸುರಿದರೆ ಮುಗೀತು. ಕಡಲ ನೀರು ಹೊತ್ತು ತರುವ ಕಷ್ಟವಿಲ್ಲ. ನಾನು ಬಹಳ ಕಾಲದಿಂದ ಬಳಸುತ್ತಿದ್ದೇನೆ, ಬಿಡುವ ಯೋಚನೆಯೂ ಇಲ್ಲ. ಆದರೆ ಇದೊಂದನ್ನೇ ನಂಬಿ ಹೊಸ ಔಷಧ ಹುಡುಕಲು ಹೊರಟರೆ ಕೈಗೆ ಸಿಗುವುದು ಕಡಿಮೆ.

ಮೊದಲು ಮೆಚ್ಚಿದ್ದು ಹೇಳುತ್ತೇನೆ. ಇದರಲ್ಲಿ ಬರೀ ಅಡುಗೆ ಉಪ್ಪಿಲ್ಲ. ಮೆಗ್ನೀಸಿಯಂ, ಕ್ಯಾಲ್ಸಿಯಂ, ಬೋರಿಕ್ ಆಸಿಡ್, ಲೀಟರಿಗೆ 0.08 ಗ್ರಾಂ ಪೊಟ್ಯಾಸಿಯಂ ಬ್ರೋಮೈಡ್ ಕೂಡ ಇದೆ. ಆ ಚಿಟಿಕೆ ಬ್ರೋಮೈಡ್ ಸುಮ್ನೆ ಹಾಕಿದ್ದಲ್ಲ. 1966ರಲ್ಲಿ ಬರ್ಕ್‌ಹೋಲ್ಡರ್ ತಂಡ ಪೋರ್ಟೊರಿಕೊದ ಕಡಲ ಹುಲ್ಲಿನ ಮೇಲಿದ್ದ ಬ್ಯಾಕ್ಟೀರಿಯಾದಿಂದ ಒಂದು ಆಂಟಿಬಯೋಟಿಕ್ ತೆಗೆಯಿತು. ಮುಂದೆ ಪೆಂಟಾಬ್ರೋಮೋಸ್ಯೂಡಿಲಿನ್ ಎಂದು ಹೆಸರಾದ ಆ ಅಣುವಿನ ತೂಕದಲ್ಲಿ ಶೇಕಡಾ 70ಕ್ಕೂ ಜಾಸ್ತಿ ಬ್ರೋಮಿನ್ನೇ ಇದೆ. ಬ್ರೋಮೈಡ್ ಕೊಡದೆ ಇಂಥದ್ದನ್ನು ಮಾಡು ಅಂದರೆ ಬ್ಯಾಕ್ಟೀರಿಯಾ ತಾನೆ ಎಲ್ಲಿಂದ ತರಬೇಕು? ಲ್ಯಾಬಿನ ಸಾಮಾನ್ಯ ನ್ಯೂಟ್ರಿಯೆಂಟ್ ಅಗಾರಿಗೆ ಉಪ್ಪು ಸುರಿದು ಇದೂ ಅದೇ ಅನ್ನುವವರು ಇದನ್ನು ಸ್ವಲ್ಪ ಗಮನಿಸಿ. ಬಣ್ಣ ಬಿಡುವ ಸೂಡೋಆಲ್ಟೆರೊಮೋನಾಸ್ ಎಂಬ ಕಡಲ ಬ್ಯಾಕ್ಟೀರಿಯಾಗಳೂ ಇದರ ಮೇಲೆ ಚೆನ್ನಾಗಿ ಬರುತ್ತವೆ. ನೇರಳೆ, ಹಳದಿ ಕಾಲೊನಿ ಕಂಡರೆ ಬಿಡಬೇಡಿ, ಈ ಗುಂಪಿನಲ್ಲಿ ಬಣ್ಣದವೇ ಹೆಚ್ಚಾಗಿ ಬೇರೆ ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತವೆ.

ತೊಂದರೆ ಇರುವುದು ಊಟದಲ್ಲಿ. ಲೀಟರಿಗೆ 5 ಗ್ರಾಂ ಪೆಪ್ಟೋನ್ (ಅರೆ ಜೀರ್ಣವಾದ ಪ್ರೋಟೀನ್), 1 ಗ್ರಾಂ ಯೀಸ್ಟ್ ಎಕ್ಸ್‌ಟ್ರಾಕ್ಟ್. ತೆರೆದ ಕಡಲಿನ ನೀರಿನಲ್ಲಿ ಕರಗಿರುವ ಸಾವಯವ ಇಂಗಾಲ ಲೀಟರಿಗೆ ಹೆಚ್ಚುಕಡಿಮೆ 1 ಮಿಲಿಗ್ರಾಂ ಅಷ್ಟೇ. ಅಂದರೆ ಸಾವಿರಾರು ಪಟ್ಟು ಜಾಸ್ತಿ ಬಡಿಸಿದ ಹಾಗಾಯಿತು, ಮುಂದೆ ನುಗ್ಗಿದವರಿಗೇ ಪಾಲು. ವಿಬ್ರಿಯೋ ಎಂಬ ಚುರುಕು ಬ್ಯಾಕ್ಟೀರಿಯಾ ಒಂದು ರಾತ್ರಿಯಲ್ಲಿ ಪ್ಲೇಟ್ ತುಂಬ ಹರಡಿಬಿಡುತ್ತದೆ, ಅದರ ಅಡಿಯಲ್ಲಿ ಇನ್ನೇನು ಏಳಬೇಕಿತ್ತೋ ಅದು ಏಳುವುದೇ ಇಲ್ಲ. ನಮಗೆ ಬೇಕಾದದ್ದು ನಿಧಾನದವು. ಜಪಾನ್ ಸಮುದ್ರದ 289 ಮೀಟರ್ ಆಳದ ಕೆಸರಿನಿಂದ ಬಂದ ವೆರುಕೋಸಿಸ್ಪೋರಾ ಎಂಬ ಬ್ಯಾಕ್ಟೀರಿಯಾ ಅಬಿಸ್ಸೊಮೈಸಿನ್ ಸಿ ಎಂಬ ಆಂಟಿಬಯೋಟಿಕ್ ಕೊಟ್ಟಿತು, ಅದು ಹಲವು ಔಷಧಗಳಿಗೆ ಬಗ್ಗದ ಎಂಆರ್‌ಎಸ್‌ಎ ರೋಗಾಣುವಿನ ಮೇಲೂ ಕೆಲಸ ಮಾಡುತ್ತದೆ. ಸ್ಯಾಲಿನಿಸ್ಪೋರಾ ಅರೆನಿಕೋಲಾ ಎಂಬ ಇನ್ನೊಂದು ರಿಫಾಮೈಸಿನ್ ಮಾಡುತ್ತದೆ, ಟಿಬಿ ಔಷಧದ ಅದೇ ಗುಂಪು. ಇಂಥವು ಬೇಕೆಂದರೆ ಕೆಸರನ್ನು ಒಣಗಿಸಿ ಅಥವಾ ಸ್ವಲ್ಪ ಬಿಸಿ ಮಾಡಿ, ಬರೀ ಕಡಲ ನೀರು ಮತ್ತು ಅಗಾರ್ ಇರುವ ಬಡ ಪ್ಲೇಟಿಗೆ ಹಾಕಿ, ಬೂಸ್ಟು ಬರದಂತೆ ಸೈಕ್ಲೋಹೆಕ್ಸಿಮೈಡ್ ಸೇರಿಸಿ, ವಾರಗಟ್ಟಲೆ ಕಾಯಬೇಕು. ಎರಡು ದಿನಕ್ಕೆ ಕಾಲೊನಿ ಎಣಿಸಿ ಪ್ಲೇಟ್ ಎಸೆಯುವ ಅಭ್ಯಾಸ ಬಿಡಬೇಕು ಅಷ್ಟೇ. ಇನ್ನು ಕಡಲಲ್ಲಿ ತುಂಬಿ ತುಳುಕುವ ಪೆಲಾಜಿಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಈ ಪ್ಲೇಟಿನಲ್ಲಿ ಬರುತ್ತದೆ ಅಂತ ಕಾಯುವುದೇ ಬೇಡ.

ಇನ್ನೊಂದು ವಿಷಯ. ಇದೇ ಪ್ಲೇಟಿನ ಮೇಲೆ ರೋಗಾಣು ಗೀರಿ ಆಂಟಿಬಯೋಟಿಕ್ ಪರೀಕ್ಷೆಯನ್ನೂ ಮುಗಿಸುವವರಿದ್ದಾರೆ. ಮೆಗ್ನೀಸಿಯಂ, ಕ್ಯಾಲ್ಸಿಯಂ ಇಷ್ಟಿದ್ದರೆ ಸೂಡೊಮೋನಾಸ್ ಎಂಬ ರೋಗಾಣುವಿನ ಮೇಲೆ ಜೆಂಟಾಮೈಸಿನ್‌ನಂಥ ಹಳೆಯ ಆಂಟಿಬಯೋಟಿಕ್ಕೇ ಮಂಕಾಗುತ್ತದೆ, ಹೊಸ ಅಣುವಿನ ಗತಿ ಏನು? ಬ್ಯಾಕ್ಟೀರಿಯಾದ ಎಕ್ಸ್‌ಟ್ರಾಕ್ಟ್ ತೆಗೆದು, ಆಂಟಿಬಯೋಟಿಕ್ ಪರೀಕ್ಷೆಗೆಂದೇ ಬಳಸುವ ಮುಲ್ಲರ್ ಹಿಂಟನ್ ಅಗಾರಿನಲ್ಲಿ ನೋಡುವುದೇ ವಾಸಿ. ಒಂದು ಅನುಕೂಲ ಮಾತ್ರ ಒಪ್ಪಿಕೊಳ್ಳಬೇಕು: ಇದರಲ್ಲಿ ಫೆರಿಕ್ ಸಿಟ್ರೇಟ್ ಇರುವುದರಿಂದ ಕಬ್ಬಿಣ ಕಸಿದುಕೊಂಡು ಮಾತ್ರ ಪಕ್ಕದವರನ್ನು ತಡೆಯುವ ಬ್ಯಾಕ್ಟೀರಿಯಾ ಇಲ್ಲಿ ಸುಳ್ಳು ಆಸೆ ಹುಟ್ಟಿಸುವುದು ಕಡಿಮೆ.

ಚಿಲ್ಲರೆ ದೂರುಗಳೂ ಇವೆ. ಆಟೋಕ್ಲೇವ್ ಆದ ಮೇಲೆ ತಳದಲ್ಲಿ ಬಿಳಿ ಗಸಿ ಕೂರುತ್ತದೆ. ಪ್ಲೇಟಿಗೆ ಪರವಾಗಿಲ್ಲ, ಫ್ಲಾಸ್ಕ್ ತಿರುಗಿಸಿ ಸುರಿದರೆ ಆಯಿತು. ಬ್ರಾತ್ (ಅಗಾರ್ ಇಲ್ಲದ ದ್ರವ ರೂಪ) ತಗೊಂಡವರು ಮಾತ್ರ OD, ಅಂದರೆ ಬೆಳವಣಿಗೆ ತಿಳಿಯಲು ಯಂತ್ರದಲ್ಲಿ ಅಳೆಯುವ ದ್ರವದ ಮಬ್ಬು, ನೋಡುವ ಮುಂಚೆ ಸೋಸಬೇಕು, ಇಲ್ಲದಿದ್ದರೆ ಬ್ಯಾಕ್ಟೀರಿಯಾ ಯಾವುದು ಗಸಿ ಯಾವುದು ಅಂತ ಯಂತ್ರಕ್ಕೆ ಗೊತ್ತಾಗಲ್ಲ. ಪುಡಿ ತೇವವನ್ನೂ ವಿಪರೀತ ಎಳೆಯುತ್ತದೆ. ಮಳೆಗಾಲದಲ್ಲಿ ಮುಚ್ಚಳ ಸಡಿಲ ಬಿಟ್ಟರೆ ಕಲ್ಲಾಗುತ್ತದೆ, ಹಾಗಾಗಿ ದೊಡ್ಡ ಡಬ್ಬಿ ಬೇಡ, ಚಿಕ್ಕದೇ ತಗೊಳ್ಳಿ.